ಸ್ಟೀರಿಂಗ್ ಎದುರಿನ ಒಂದು ಗೇಣು

ತೇಪೆಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಅವನ ಲೈಸೆನ್ಸಿನಲ್ಲಿ ಸುಖವಾಗಿದೆ. ರಸ್ತೆಯಲ್ಲಿ ಮಾತ್ರ ಅವನು ತೇಪೆಯಣ್ಣ. ಕಾರಿನ ಮುಂದಿನ ಗಾಜಿಗೆ ಕಲ್ಲು ಸಿಡಿದು ಸಣ್ಣ ಗಾಯವಾದರೆ, ಗಾಜು ಬದಲಾಯಿಸದೆ, ಆ ಗಾಯಕ್ಕೆ ಅಂಟು ತುಂಬಿ, ಕಲೆ ಕಾಣದ ಹಾಗೆ ಮಾಡಿ ಕಳಿಸುವುದು ಅವನ ಕಸುಬು. ನಾನು ಪಕ್ಕದ ಅಂಗಡಿಯವನು, ಕಾರಿನ ಸೀಟು ಹೊಲಿಯುತ್ತೇನೆ. ನಮ್ಮಿಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ. ಅವನು ಸೀನಿದರೆ ಇಲ್ಲಿ ನನ್ನ ಕತ್ತರಿ ಅಲುಗುತ್ತದೆ. ಹದಿನಾರು ವರ್ಷದಿಂದ ಅವನ ಸೀನು, ಅವನ ಜೋಕು, ಅವನ ಉಪದೇಶ ಮೂರನ್ನೂ ಸಹಿಸಿಕೊಂಡು ಬಂದಿದ್ದೇನೆ. ಹಾಗಾಗಿ ಅವನ ಬಗ್ಗೆ ಬರೆಯುವ ಹಕ್ಕು ನನಗಿದೆ. ಅವನು ಮಾಡಿದ ತಪ್ಪಿನ ಬಗ್ಗೆ ಬರೆಯುವ ಹಕ್ಕಂತೂ ಇನ್ನೂ ಹೆಚ್ಚಾಗಿಯೇ ಇದೆ, ಏಕೆಂದರೆ ಅದರಲ್ಲಿ ನನಗೂ ಪಾಲಿದೆ.

ನಮ್ಮ ರಸ್ತೆ ಕಲ್ಲುಕ್ವಾರಿಗೆ ಹೋಗುತ್ತದೆ. ಬೆಳಗಾಯಿತೆಂದರೆ ಜಲ್ಲಿ ತುಂಬಿದ ಲಾರಿಗಳು ಸಾಲುಸಾಲಾಗಿ ಇಳಿಯುತ್ತವೆ. ಜಲ್ಲಿಯ ಮೇಲೆ ತಾಡಪಾಲು ಹೊದಿಸಬೇಕೆಂದು ನಿಯಮವಿದೆ. ನಿಯಮ ಕಾಗದದಲ್ಲಿದೆ, ತಾಡಪಾಲು ಡ್ರೈವರನ ಸೀಟಿನ ಕೆಳಗಿದೆ. ಹಿಂದೆ ಬರುವ ಕಾರಿನ ಗಾಜಿಗೆ ಬಟಾಣಿಯಷ್ಟು ಕಲ್ಲು ಟಣ್ ಎಂದು ಬಡಿಯುತ್ತದೆ. ಕಾರಿನವರು ಲಾರಿಯವನ ಇಡೀ ವಂಶವನ್ನು ಬಾಯಿಗೆ ಬಂದಂತೆ ಬೈದು, ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಾರೆ.

ಗಾಜಿನ ಗಾಯಗಳಿಗೆ ತೇಪೆಯಣ್ಣ ತಾನೇ ಹೆಸರಿಟ್ಟಿದ್ದಾನೆ. ದುಂಡಗಿದ್ದರೆ ಬೊಟ್ಟು, ಸುತ್ತ ಗೆರೆ ಚಿಮ್ಮಿದ್ದರೆ ನಕ್ಷತ್ರ, ಒಂದು ಗೆರೆ ಉದ್ದಕ್ಕೆ ಓಡತೊಡಗಿದ್ದರೆ ಓಡುಗಾಲ. ಓಡುಗಾಲ ಬಂದರೆ ಮುಟ್ಟುವುದಿಲ್ಲ, ಗಾಜು ಬದಲಾಯಿಸಿ ಎಂದು ಕೈಮುಗಿಯುತ್ತಾನೆ. ಬೊಟ್ಟು, ನಕ್ಷತ್ರ ಬಂದರೆ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಸೂಜಿಯಿಂದ ಒಳಗಿನ ಪುಡಿ ಕೆದಕಿ ತೆಗೆಯುವುದು, ರಬ್ಬರ್ ಬಟ್ಟಲಿನ ಕಾಲುಗಳಿರುವ ಪುಟ್ಟ ಪಂಪನ್ನು ಗಾಜಿಗೆ ಕಚ್ಚಿಸುವುದು, ಗಾಳಿ ಎಳೆದು ಹನಿಹನಿಯಾಗಿ ಅಂಟು ಇಳಿಸುವುದು, ನೀಲಿ ದೀಪ ಹಿಡಿದು ಅದನ್ನು ಗಟ್ಟಿ ಮಾಡುವುದು, ಕೊನೆಗೆ ಬ್ಲೇಡಿನಲ್ಲಿ ಹೆರೆದು ಒರೆಸುವುದು. ಅಷ್ಟು ಹೊತ್ತು ಅವನ ಬಾಯಿ ಮುಚ್ಚಿರುತ್ತದೆ. ನನಗೆ ನೆಮ್ಮದಿ ಸಿಗುವ ಹೊತ್ತೂ ಅದೇ.

ಉಳಿದ ಹೊತ್ತೆಲ್ಲ ಉಪದೇಶ. "ಜಲ್ಲಿ ಲಾರಿ ಅಂದ್ರೆ ಮುನಿಸ್ಕೊಂಡಿರೋ ಮಾವ ಇದ್ದ ಹಾಗೆ. ದೂರದಿಂದ್ಲೇ ನಮಸ್ಕಾರ ಹಾಕ್ಬೇಕು, ಹತ್ರ ಹೋಗ್ಬಾರ್ದು" ಎನ್ನುತ್ತಾನೆ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಹತ್ತಿದ ಕೂಡಲೇ ಏಸಿಯನ್ನು ಗಾಜಿಗೆ ತಿರುಗಿಸಬೇಡಿ ಎನ್ನುತ್ತಾನೆ. ಬಂದವರಿಗೆಲ್ಲ ಒಂದು ತುಂಡು ಪಾರದರ್ಶಕ ಟೇಪು ಪುಕ್ಕಟೆ ಕೊಡುತ್ತಾನೆ. "ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ಳಿ. ಕಲ್ಲು ಬಿತ್ತು ಅಂದ್ರೆ ತಕ್ಷಣ ಅದರ ಮೇಲೆ ಅಂಟಿಸಿ. ಧೂಳು ನೀರು ಒಳಗೆ ಹೋದ್ರೆ ದೇವರು ಬಂದ್ರೂ ತೇಪೆ ಕೂರಲ್ಲ."

ಇಷ್ಟೆಲ್ಲ ಉಪದೇಶದಲ್ಲಿ ಒಂದು ಮಾತನ್ನು ಮಾತ್ರ ಅವನು ನಗದೆ ಹೇಳುತ್ತಿದ್ದ. ಸ್ಟೀರಿಂಗ್ ಎದುರಿಗೆ, ಓಡಿಸುವವರ ಕಣ್ಣಿಗೆ ನೇರವಾಗಿ ಬರುವ ಗಾಜಿನ ಮೇಲೆ ಅಂಗೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು ತೋರಿಸುತ್ತಿದ್ದ. "ಈ ಒಂದು ಗೇಣು ನನ್ನದಲ್ಲ. ಇದರೊಳಗೆ ಗಾಯ ಆದ್ರೆ ಗಾಜೇ ಬದಲಾಯಿಸ್ಬೇಕು. ಎಷ್ಟೇ ಚೆನ್ನಾಗಿ ತುಂಬಿದ್ರೂ ಗಾಯ ಗಾಯಾನೇ. ಪಕ್ಕದಲ್ಲಿದ್ರೆ ಬರೀ ಕಲೆ, ಕಣ್ಣೆದುರಿಗಿದ್ರೆ ಬಿಸಿಲು ಅಲ್ಲಿ ಸಿಕ್ಕಿಹಾಕ್ಕೊಂಡು ಒಡೆಯತ್ತೆ." ದೊಡ್ಡ ಸಾಹೇಬರೊಬ್ಬರು ಬಂದು ಗದರಿದರೂ ಅವನು ಆ ಗೇಣಿನೊಳಗೆ ಸೂಜಿ ಇಟ್ಟಿರಲಿಲ್ಲ. ಇಂಥವನ ಪಕ್ಕದಲ್ಲಿ ಅಂಗಡಿ ಇದೆಯೆಂದು ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಆ ನಿಯಮವನ್ನು ಅವನು ಮುರಿದದ್ದು ಒಂದೇ ಒಂದು ಸಲ, ಅದೂ ಅಕ್ಕನಿಗಾಗಿ.

ಅಕ್ಕ ಎಂದರೆ ಅವನ ಸ್ವಂತ ಅಕ್ಕ. ಆದರೆ ರಸ್ತೆಗೆಲ್ಲ ಅವಳು ಅಕ್ಕನೇ, ವಯಸ್ಸಿನಲ್ಲಿ ದೊಡ್ಡವನಾದ ನನಗೂ. ಅಮ್ಮ ತೀರಿಕೊಂಡಾಗ ಇವನಿಗೆ ಏಳು ವರ್ಷ, ಅವಳಿಗೆ ಹದಿನೈದು. ಬೆನ್ನಿಗೆ ಬಿದ್ದವನನ್ನು ಬೆನ್ನ ಮೇಲೇ ಹೊತ್ತು ಸಾಕಿದವಳು. ಗಂಡ ಹೋದ ಮೇಲೆ ಒಂದು ವ್ಯಾನು ತೆಗೆದುಕೊಂಡು ಶಾಲೆ ಮಕ್ಕಳನ್ನು ಕರೆದೊಯ್ಯಲು ಶುರುಮಾಡಿದಳು. ಇಪ್ಪತ್ತೆರಡು ಮಕ್ಕಳು, ಬೆಳಿಗ್ಗೆ ಎರಡು ಸರದಿ, ಸಂಜೆ ಎರಡು ಸರದಿ. ನಮ್ಮ ಅಂಗಡಿಗಳ ಮುಂದೆ ಹಾದುಹೋಗುವಾಗ ಎರಡು ಸಲ ಹಾರನ್ ಹೊಡೆಯುತ್ತಿದ್ದಳು. "ಒಂದು ತಮ್ಮಂಗೆ, ಇನ್ನೊಂದು ಮಾಸ್ಟ್ರಿಗೆ" ಎನ್ನುತ್ತಿದ್ದಳು. ಹೊಲಿಗೆಯವನಾದ್ದರಿಂದ ನನ್ನನ್ನು ಎಲ್ಲರೂ ಮಾಸ್ಟ್ರೇ ಎಂದೇ ಕರೆಯುವುದು.

ವಾರ್ಷಿಕ ಪರೀಕ್ಷೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಅವಳ ವ್ಯಾನಿಗೆ ಕಲ್ಲು ಬಿತ್ತು. ತಮ್ಮ ಕಲಿಸಿದ ಹಾಗೆ ತಕ್ಷಣ ಟೇಪು ಅಂಟಿಸಿಕೊಂಡೇ ಬಂದಿದ್ದಳು. ಚೊಕ್ಕವಾದ ನಕ್ಷತ್ರ. ಆದರೆ ಬಿದ್ದದ್ದು ಸ್ಟೀರಿಂಗ್ ಎದುರಿಗೆ. ತೇಪೆಯಣ್ಣ ಗೇಣು ಹಾಕಿದ. ಗಾಯ ಹೆಚ್ಚುಕಡಿಮೆ ಅಂಗೈ ನಡುವಿಗೇ ಬಂತು.

"ಆಗಲ್ಲ ಅಕ್ಕ. ಗಾಜು ತರಿಸ್ಬೇಕು. ಎಂಟು ದಿನ ಆಗತ್ತೆ."

"ಎಂಟು ದಿನ ಗಾಡಿ ನಿಲ್ಲಿಸಿದ್ರೆ ಮಕ್ಕಳನ್ನ ಪರೀಕ್ಷೆಗೆ ಯಾರೋ ಕರ್ಕೊಂಡ್ ಹೋಗ್ತಾರೆ? ಒಂದ್ಸಲ ಬೇರೆ ವ್ಯಾನ್ ಹಿಡಿದವರು ಮತ್ತೆ ನನ್ನ ಹತ್ರ ಬರ್ತಾರಾ? ಗಾಜು ಬರೋವರೆಗೆ ತಡ್ಕೊಳ್ಳೋ ಹಾಗೆ ಏನಾದ್ರೂ ಮಾಡು."

ಅವನು ತಗಡಿನ ಗೋಡೆಯ ಈಚೆಗೆ ಬಗ್ಗಿ ನನ್ನನ್ನು ಕೇಳಿದ. "ಏನ್ ಮಾಡ್ಲಿ ಮಾಸ್ಟ್ರೇ?"

ಕೇಳಿದವರಿಗೆ ಬುದ್ಧಿ ಹೇಳಲು ನನಗೇನು ಖರ್ಚು? "ನಿಮ್ಮಕ್ಕ ತಾನೇ, ಎಂಟು ದಿನದ ಮಾತು, ಹಾಕು" ಎಂದೆ.

ಅವತ್ತು ಅವನು ಹಾಕಿದಂಥ ತೇಪೆಯನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮೂರು ಗಂಟೆ ಕೂತ. ಮುಗಿದ ಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ "ನೋಡಿ" ಎಂದ. ಮಟಮಟ ಮಧ್ಯಾಹ್ನ, ಶೆಡ್ಡಿನ ನೆರಳು. ಗಾಯ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. "ಏನೂ ಕಾಣಲ್ಲ ಬಿಡು" ಎಂದೆ. ನೆರಳಿನಲ್ಲಿ ಕೂತು ಬಿಸಿಲಿನ ಗಾಜಿಗೆ ಸರ್ಟಿಫಿಕೇಟು ಕೊಟ್ಟ ಮಹಾನುಭಾವ ನಾನು.

ಪರೀಕ್ಷೆ ಮುಗಿಯಿತು, ರಜೆ ಬಂತು, ಹೊಸ ಗಾಜು ಬರಲಿಲ್ಲ. ಬರಲಿಲ್ಲ ಏಕೆಂದರೆ ಅವನು ತರಿಸಲೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಅವನಿಗೆ ತನ್ನ ತೇಪೆಯ ಮೇಲೆ ಮೋಹ ಹುಟ್ಟಿತ್ತು. ಬಂದ ಗಿರಾಕಿಗಳನ್ನು ವ್ಯಾನಿನ ಹತ್ತಿರ ಕರೆದೊಯ್ದು "ಗಾಯ ಎಲ್ಲಿದೆ ಹುಡುಕಿ ನೋಡೋಣ" ಎನ್ನುತ್ತಿದ್ದ. ಯಾರಿಗೂ ಸಿಗುತ್ತಿರಲಿಲ್ಲ. ಅಂಥ ಕೆಲಸವನ್ನು ಕಿತ್ತು ಬಿಸಾಡಲು ಯಾವ ಕಸುಬುದಾರನಿಗೆ ಮನಸ್ಸು ಬಂದೀತು? ಅಕ್ಕ ಎರಡು ಸಲ ಕೇಳಿದಳು, ಗಾಜು ಬಂತೇನೋ ಎಂದು. "ಇದೇ ಇರಲಿ ಬಿಡಕ್ಕ. ನನ್ನ ಕೈ ಮೇಲೆ ನಂಬಿಕೆ ಇಲ್ವಾ?" ಎಂದ. ಅವಳಿಗೆ ಆ ಕೈಯ ಮೇಲೆ ಇದ್ದಷ್ಟು ನಂಬಿಕೆ ಇನ್ನಾವುದರ ಮೇಲೂ ಇರಲಿಲ್ಲ. ಆ ಕೈ ಹಿಡಿದು ಅಕ್ಷರ ತಿದ್ದಿಸಿದವಳೇ ಅವಳು.

ತಿಂಗಳುಗಳು ಕಳೆದವು. ಹಗಲು ಗಿಡ್ಡವಾಗುವ ಕಾಲ ಬಂತು. ಸಂಜೆ ಮಕ್ಕಳನ್ನು ಕರೆತರುವ ಹೊತ್ತಿಗೇ ಸೂರ್ಯ ಶಾಲೆಯ ರಸ್ತೆಯ ತುದಿಯಲ್ಲಿ ಇಳಿದು ನೇರ ಮುಖಕ್ಕೆ ಹೊಡೆಯತೊಡಗಿದ. ಒಂದು ದಿನ ಅಕ್ಕ ನಮ್ಮ ಮುಂದೆ ನಿಂತು ಕಣ್ಣುಜ್ಜಿಕೊಂಡಳು.

"ಸಂಜೆ ಹೊತ್ತು ಕಣ್ಣು ಮಂಜಾದ ಹಾಗಾಗತ್ತೆ ಕಣೋ."

"ವಯಸ್ಸಾಯ್ತಲ್ಲಕ್ಕ, ಕಣ್ಣು ತೋರಿಸ್ಕೋ" ಎಂದು ಅವನು ನಕ್ಕ. ನಾನೂ ನಕ್ಕೆ. ಅವಳೂ ನಕ್ಕು ಅವನ ತಲೆಗೆ ಮೊಟಕಿ ಹೋದಳು. ಆ ನಗು ಈಗ ನೆನಪಾದರೆ ಕೈಯಲ್ಲಿದ್ದ ಕೆಲಸ ಕೆಳಗಿಡಬೇಕೆನಿಸುತ್ತದೆ.

ಅದಾಗಿ ಐದನೆಯ ದಿನ ವ್ಯಾನು ಗೇಟಿನಜ್ಜನಿಗೆ ಬಡಿಯಿತು. ಶಾಲೆಯ ಗೇಟಿನ ಮುಂದೆ 'ನಿಲ್ಲಿ' ಎಂದು ಬರೆದ ಹಲಗೆ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಮುದುಕ ಅವರು. ಅಕ್ಕ ಸಂಜೆಯ ಮೊದಲ ಸರದಿಯ ಮಕ್ಕಳನ್ನು ಮನೆಗೆ ಬಿಟ್ಟು ಖಾಲಿ ವ್ಯಾನಿನಲ್ಲಿ ಶಾಲೆಗೆ ವಾಪಸು ಬರುತ್ತಿದ್ದಳು. ಅಜ್ಜ ಹಲಗೆ ಎತ್ತಿ ನಡುರಸ್ತೆಯಲ್ಲಿ ನಿಂತಿದ್ದರು. ವೇಗವೇನೂ ಇರಲಿಲ್ಲ. ಆದರೂ ಅಜ್ಜನ ತೊಡೆಯ ಮೂಳೆ ಮುರಿಯಿತು. ಹಿಂದೆ ದಾಟಲು ನಿಂತಿದ್ದ ಮಕ್ಕಳಲ್ಲಿ ಯಾರಿಗೂ ಏನೂ ಆಗಲಿಲ್ಲ ಎನ್ನುವುದನ್ನು ನೆನೆಸಿಕೊಂಡೇ ನಾವು ಇವತ್ತಿಗೂ ನಿದ್ದೆ ಮಾಡುವುದು.

ಅಕ್ಕ ಎಲ್ಲರಿಗೂ ಒಂದೇ ಮಾತು ಹೇಳಿದಳು. "ಒಂದು ಕ್ಷಣ ಎಲ್ಲಾ ಬೆಳ್ಳಗಾಯ್ತು. ಅಜ್ಜ ಕಾಣ್ಲೇ ಇಲ್ಲ." ಪೊಲೀಸರು ವ್ಯಾನಿನ ಬ್ರೇಕು ನೋಡಿದರು, ಟೈರು ನೋಡಿದರು, ಓಡಿಸುವವರ ಅಜಾಗರೂಕತೆ ಎಂದು ಬರೆದುಕೊಂಡರು. ಗಾಜಿನ ತೇಪೆಯನ್ನು ಯಾರೂ ನೋಡಲಿಲ್ಲ. ಅಷ್ಟು ಚೆನ್ನಾಗಿ ಹಾಕಿದ್ದ.

ಹತ್ತು ದಿನದ ಮೇಲೆ ಪೊಲೀಸ್ ಸ್ಟೇಷನ್ನಿನಿಂದ ವ್ಯಾನು ಬಂತು. ಶೆಡ್ಡಿನ ಹಿಂದೆ ನಿಲ್ಲಿಸಿದರು. ಸಂಜೆ ತೇಪೆಯಣ್ಣ ಒಬ್ಬನೇ ಅದರಲ್ಲಿ ಹೋಗಿ ಕೂತ. ಬಹಳ ಹೊತ್ತಾದರೂ ಬರದಿದ್ದಾಗ ನಾನು ಹೋದೆ. ಇಳಿದು ಸೀಟು ಬಿಟ್ಟುಕೊಟ್ಟ. ಕೂತು ನೋಡಿದೆ. ಇಳಿಬಿಸಿಲು ಗಾಜಿಗೆ ನೇರವಾಗಿ ಬಿದ್ದಿತ್ತು. ಮಧ್ಯಾಹ್ನ ಹುಡುಕಿದರೂ ಸಿಗದ ಆ ಜಾಗ ಅಂಗೈಯಗಲ ಬೆಳ್ಳಗೆ ಉರಿಯುತ್ತಿತ್ತು. ಎದುರಿನ ವಿದ್ಯುತ್ ಕಂಬ ಅದರೊಳಗೆ ಮಾಯವಾಗಿತ್ತು. ಕಂಬವೇ ಕಾಣದ ಮೇಲೆ ಒಬ್ಬ ಬಡಕಲು ಮುದುಕ ಏನು ಕಂಡಾರು? ತಲೆ ತುಸು ಎಡಕ್ಕೆ ಸರಿಸಿದೆ, ಕಂಬ ಬಂತು. ನೆಟ್ಟಗೆ ಕೂತೆ, ಹೋಯಿತು.

ಇಳಿದು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ವ್ಯಾನಿನ ಮೇಲೆ ತಾಡಪಾಲು ಹೊದಿಸಿದೆವು, ಎರಡು ತುದಿ ಅವನು ಹಿಡಿದ, ಎರಡು ತುದಿ ನಾನು ಹಿಡಿದೆ. ಲಾರಿಯವರು ಹೊದಿಸುವುದಿಲ್ಲವೆಂದು ದಿನಾ ಬೈಯುತ್ತಿದ್ದ ನಾವು ಅವತ್ತು ಬಹಳ ಅಚ್ಚುಕಟ್ಟಾಗಿ ಹೊದಿಸಿದೆವು.

ಹೇಳಿಬಿಡಬೇಕಿತ್ತು. ಅವತ್ತೇ, ಆ ಸಂಜೆಯೇ. ಅವನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಉಗುಳಲೂ ಆಗದೆ ನುಂಗಲೂ ಆಗದೆ ಓಡಾಡಿದ. ಜೋಕು ನಿಂತಿತು, ಉಪದೇಶ ನಿಂತಿತು. ಯಾರಾದರೂ ಗಿರಾಕಿ ಬಂದು "ತೇಪೆ ಹಾಕಿದ್ಮೇಲೆ ಏನೂ ತೊಂದ್ರೆ ಇಲ್ವಲ್ಲ?" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಸೀನುವುದಕ್ಕೂ ಅವನು ಹೆದರುತ್ತಿದ್ದಾನೇನೋ ಎಂದು ನನಗನಿಸುತ್ತಿತ್ತು, ಗೋಡೆಯ ಆಚೆ ಅಷ್ಟು ಮೌನ.

ಇತ್ತ ಅಕ್ಕನ ಲೈಸೆನ್ಸು ಮೂರು ತಿಂಗಳಿಗೆ ತಡೆಹಿಡಿದರು. ಆಮೇಲೆ ವಾಪಸು ಕೊಟ್ಟರು. ಅವಳು ಅದನ್ನು ತಗಡಿನ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟಳು. ತನ್ನ ಕಣ್ಣು ಹೋಗುತ್ತಿದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಮೂರು ಸಲ ಹೋದಳು, ಮೂರು ಬೇರೆಬೇರೆ ಡಾಕ್ಟರು. ಮೂರು ಸಲವೂ ಕರೆದುಕೊಂಡು ಹೋದವನು ತಮ್ಮನೇ. ಮೊದಲಿನವರು ಏನೂ ಇಲ್ಲ ಎಂದರು. ಎರಡನೆಯವರು ಕಣ್ಣಿಗೆ ಔಷಧಿ ಬಿಟ್ಟು ನಾಲ್ಕು ಗಂಟೆ ಕೂರಿಸಿ ಏನೂ ಇಲ್ಲ ಎಂದರು. ಮೂರನೆಯವರು, ಇಷ್ಟು ದೂರ ಬಂದಿದ್ದಾರಲ್ಲ ಎಂದೋ ಏನೋ, ಒಂದು ಕನ್ನಡಕ ಕೊಟ್ಟರು.

ವ್ಯಾನು ಬಿಟ್ಟವಳಿಗೆ ಕೆಲಸ ಬೇಕಿತ್ತು. "ನನ್ನ ಅಂಗಡಿಗೆ ಬನ್ನಿ ಅಕ್ಕ, ಹೊಲಿಗೆ ಇದೆ" ಎಂದೆ. ದಯೆಯಿಂದ ಕರೆದೆ ಎಂದು ಎಲ್ಲರೂ ಹೊಗಳಿದರು. ನಾನೂ ಹಾಗೆಂದೇ ತಿಳಿದುಕೊಂಡಿದ್ದೆ. ಆದರೆ ಅವಳ ಕೈ ನೋಡಿದ ಮೇಲೆ ನನ್ನ ದಯೆಯ ಬಣ್ಣ ಬದಲಾಯಿತು. ಸೀಟಿನ ಅಂಚಿಗೆ ಅವಳು ಹಾಕುವ ಹೊಲಿಗೆ ಸ್ಕೇಲಿನಲ್ಲಿ ಗೆರೆ ಎಳೆದಂತೆ ಬರುತ್ತಿತ್ತು. ಗಿರಾಕಿಗಳು ಅವಳ ಕೆಲಸವೇ ಬೇಕೆಂದು ಕೇಳತೊಡಗಿದರು. ತೇಪೆಯಣ್ಣ ನಿಜ ಹೇಳಿದರೆ ಅವಳು ವ್ಯಾನಿಗೆ ಹೋಗುತ್ತಾಳೆ, ನನ್ನ ಮೆಷಿನ್ನು ಮತ್ತೆ ನನ್ನ ವಕ್ರ ಕೈಗೇ ಬರುತ್ತದೆ. ಹೀಗೆಂದು ನಾನು ಯಾವತ್ತೂ ಬಿಡಿಸಿ ಯೋಚಿಸಲಿಲ್ಲ. ಆದರೆ 'ಹೇಳು' ಎಂದು ಅವನನ್ನು ಒತ್ತಾಯಿಸಲೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ ಎಂಟು ತಿಂಗಳು ಕುಡಿದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದೆ. ಅಕ್ಕ ಮೆಷಿನ್ನಿನ ಮುಂದೆ ಕೂತಿದ್ದಳು. ಕನ್ನಡಕ ಪಕ್ಕದಲ್ಲಿತ್ತು, ಕಣ್ಣು ಮುಚ್ಚಿತ್ತು. ತೂಕಡಿಸುತ್ತಿದ್ದಾಳೆ ಎಂದುಕೊಂಡೆ. ಆದರೆ ಕೈ ಆಡುತ್ತಿತ್ತು. ಬೆರಳಿನಿಂದ ಸೂಜಿಯ ಕಣ್ಣು ತಡಕಿ, ದಾರದ ತುದಿ ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿಕೊಂಡೇ ಪೋಣಿಸಲು ನೋಡುತ್ತಿದ್ದಳು. ತಪ್ಪಿತು. ಮತ್ತೆ ನಾಲಿಗೆಗೆ ತಾಗಿಸಿದಳು.

"ಏನಕ್ಕ ಇದು?"

ಕಳ್ಳತನ ಸಿಕ್ಕಿಬಿದ್ದವಳ ಹಾಗೆ ಬೆಚ್ಚಿದಳು. ಆಮೇಲೆ ನಕ್ಕಳು. "ಅಭ್ಯಾಸ ಮಾಡ್ಕೊಳ್ತಿದೀನಿ ಮಾಸ್ಟ್ರೇ. ಒಂದಲ್ಲ ಒಂದಿನ ಬೇಕಾಗತ್ತಲ್ಲ. ಮನೇಲಿ ಒಲೆ ಹಚ್ಚೋದು, ಬಟ್ಟೆ ಒಣಹಾಕೋದು ಎಲ್ಲಾ ಬರತ್ತೆ ಈಗ. ಮೆಟ್ಟಿಲು ಹನ್ನೊಂದು ಅಂತ ಗೊತ್ತು. ಇದೊಂದೇ ಕೈ ಹತ್ತಿಲ್ಲ."

ಹೊರಗೆ ಬಂದು ಪಕ್ಕದ ಶೆಡ್ಡಿಗೆ ಹೋದೆ. ತೇಪೆಯಣ್ಣ ಒಂದು ಕಾರಿನ ಗಾಜಿಗೆ ಪಂಪು ಕಚ್ಚಿಸುತ್ತಿದ್ದ. ಅವನ ಕೊರಳಪಟ್ಟಿ ಹಿಡಿದು ಹಿಂದಿನ ಬಾಗಿಲಿಗೆ ಎಳೆದುಕೊಂಡು ಹೋದೆ. ನನ್ನ ಸಿಟ್ಟು ಒಳ್ಳೆಯದಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅವತ್ತಿನಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ, ಹೊಡೆತ ಮಾತ್ರ ಅವನೊಬ್ಬನಿಗೆ.

"ನಿಮ್ಮಕ್ಕ ಕುರುಡಿಯಾಗೋದನ್ನ ಕಲೀತಿದಾಳೆ ಕಣೋ! ಕಣ್ಣು ಮುಚ್ಕೊಂಡು ದಾರ ಪೋಣಿಸ್ತಿದಾಳೆ. ಇವತ್ತು ನೀನು ಹೇಳ್ತೀಯೋ, ನಾನು ಹೇಳ್ಲೋ?"

ಅವನು ನೆಲದ ಮೇಲೆ ಕೂತುಬಿಟ್ಟ. "ಮನೇಲಿ ಮೆಟ್ಟಿಲು ಇಳೀವಾಗ ಎಣಿಸ್ತಾಳೆ ಮಾಸ್ಟ್ರೇ. ಏನೋ ಲೆಕ್ಕ ಇಟ್ಕೊಳ್ತಾಳೆ ಅಂದ್ಕೊಂಡಿದ್ದೆ" ಎಂದ. ಆಮೇಲೆ ಎದ್ದ. ಬಕೆಟ್ಟಿನಲ್ಲಿ ನೀರು ತಂದ. ತಾಡಪಾಲು ಎಳೆದು ತೆಗೆದ. ಎಂಟು ತಿಂಗಳ ಧೂಳನ್ನು ಗಾಜಿನಿಂದ ತೊಳೆದು, ಒರೆಸಿ, ವ್ಯಾನನ್ನು ಸೂರ್ಯ ಇಳಿಯುವ ಕಡೆಗೆ ತಿರುಗಿಸಿ ನಿಲ್ಲಿಸಿದ. ಆಮೇಲೆ ಸಂಜೆಯವರೆಗೆ ಇಬ್ಬರೂ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಬಿಸಿಲು ಇಳಿದ ಮೇಲೆ ಅಕ್ಕನನ್ನು ಕರೆದ. ಅವಳು ವ್ಯಾನು ನೋಡಿ ಹಿಂಜರಿದಳು. "ಓಡಿಸೋದು ಬೇಡ, ಸುಮ್ಮನೆ ಕೂತ್ಕೋ" ಎಂದ. ಕೂತಳು. ಅವನು ಇಪ್ಪತ್ತು ಹೆಜ್ಜೆ ಎದುರಿಗೆ ಹೋಗಿ, ಒಂದು ರಟ್ಟಿನ ಹಲಗೆ ಎತ್ತಿ ಹಿಡಿದು ನಿಂತ.

"ಕಾಣ್ತಾ ಇದೀನಾ ಅಕ್ಕ?"

ಅವಳು ಸ್ಟೀರಿಂಗ್ ಬಿಗಿಯಾಗಿ ಹಿಡಿದಳು. "ಬಂತು, ಮತ್ತೆ ಬಂತು. ಬೆಳ್ಳಗಾಯ್ತು. ಮಾಸ್ಟ್ರೇ, ನನ್ನ ಕಣ್ಣು..."

"ತಲೆ ಎಡಕ್ಕೆ ಸರಿಸಿ ಅಕ್ಕ" ಎಂದೆ.

ಸರಿಸಿದಳು. ತಮ್ಮ ಕಂಡ. ನೆಟ್ಟಗಾದಳು, ತಮ್ಮ ಹೋದ. ಮತ್ತೆ ಸರಿಸಿದಳು, ಮತ್ತೆ ನೆಟ್ಟಗಾದಳು. ಕನ್ನಡಕ ತೆಗೆದು ನೋಡಿದಳು. ಹೀಗೆ ಎಷ್ಟು ಸಲ ಮಾಡಿದಳೋ. ಆಮೇಲೆ ಬೆರಳು ಚಾಚಿ ಗಾಜಿನ ಆ ಜಾಗವನ್ನು ಒಳಗಿನಿಂದ ಮುಟ್ಟಿದಳು. ಅಲ್ಲಿ ಏನಿತ್ತು ಎನ್ನುವುದು ಅವಳಿಗೆ ನೆನಪಾಯಿತು.

ತೇಪೆಯಣ್ಣ ಹಲಗೆ ಬಿಸಾಡಿ ಬಂದು ಬಾಗಿಲ ಹತ್ತಿರ ನಿಂತ. "ನಿನ್ನ ಕಣ್ಣಲ್ಲ ಅಕ್ಕ, ನನ್ನ ತೇಪೆ. ಗಾಜು ನಾನು ತರಿಸ್ಲೇ ಇಲ್ಲ. ವ್ಯಾನು ವಾಪಸ್ ಬಂದ ದಿನವೇ ಗೊತ್ತಾಯ್ತು" ಎಂದ. ಒಂದೇ ಉಸಿರಿಗೆ ಹೇಳಿದ, ತಪ್ಪು ಒಪ್ಪಿಸುವ ಮಗುವಿನ ಹಾಗೆ.

ಅವಳು ಬೈಯಲಿಲ್ಲ, ಅಳಲೂ ಇಲ್ಲ.

"ಮೂರು ಸಲ ಡಾಕ್ಟರ ಹತ್ರ ನೀನೇ ಕರ್ಕೊಂಡ್ ಹೋಗಿದ್ದೆ."

"ಹೂಂ."

"ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದಾಗ ನನ್ನ ಕೈ ಹಿಡ್ಕೊಂಡು ಕೂತಿದ್ದೆ."

"ಹೂಂ ಅಕ್ಕ."

ಅವಳು ನನ್ನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ ಮಾಸ್ಟ್ರೇ?"

ಗೊತ್ತಿತ್ತು ಎಂದೆ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಸುಳ್ಳನ್ನಾದರೂ ಹೇಳಬಹುದಿತ್ತು. ಅವಳು ವ್ಯಾನಿನಿಂದ ಇಳಿದು ನನ್ನ ಅಂಗಡಿಗೆ ಹೋಗಿ, ಕನ್ನಡಕವನ್ನು ಮೆಷಿನ್ನಿನ ಮೇಲಿಟ್ಟು, ತನ್ನ ಊಟದ ಡಬ್ಬಿ ತೆಗೆದುಕೊಂಡಳು. ತಮ್ಮನಿಗೆ ಒಂದೇ ಮಾತು ಹೇಳಿದಳು. "ಗೇಟಿನಜ್ಜನಿಗೆ ಹೋಗಿ ಹೇಳು. ನಾಳೆ ಅಲ್ಲ, ಈಗ."

ನಾವಿಬ್ಬರೂ ಹೋದೆವು. ಅಜ್ಜ ಊರುಗೋಲು ಪಕ್ಕಕ್ಕಿಟ್ಟು ಬಾಗಿಲಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ಕೊನೆಗೆ, "ನನ್ನ ಕಾಲೇನೋ ಮೂರು ತಿಂಗಳಿಗೆ ಕೂಡ್ಕೊಳ್ತು. ಆ ಹುಡುಗೀಗೆ ಯಾಕಪ್ಪ ಎಂಟು ತಿಂಗಳು ಮಾಡಿದ್ರಿ?" ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ತೇಪೆಯಣ್ಣ ಅತ್ತ.

ಅಕ್ಕ ಹೊಸ ಗಾಜು ಹಾಕಿಸಿದಳು, ಬೇರೆಯವರ ಹತ್ತಿರ. ಬಸ್ ನಿಲ್ದಾಣದ ಆಚೆ ಒಬ್ಬನಿದ್ದಾನೆ, ಕೆಲಸದಲ್ಲಿ ತೇಪೆಯಣ್ಣನ ಕಾಲು ಧೂಳಿಗೂ ಸಮನಲ್ಲ. ಅವನ ಹತ್ತಿರವೇ ಹಾಕಿಸಿದಳು. ಶಾಲೆ ಮತ್ತೆ ಶುರುವಾದಾಗ ಮಕ್ಕಳು ಮೊದಲಿಗೆ ಹನ್ನೊಂದೇ ಬಂದರು, ಆಮೇಲೆ ಹದಿನೆಂಟಾದರು. ದಿನಾ ನಾಲ್ಕು ಸರದಿ ನಮ್ಮ ಮುಂದೆಯೇ ಹಾದುಹೋಗುತ್ತಿದ್ದಳು. ಒಂದೇ ಮನೆಯಲ್ಲಿದ್ದರೂ ತಮ್ಮನ ಹತ್ತಿರ ಉಪ್ಪು ಸಾರಿನಷ್ಟೇ ಮಾತು. ನಮ್ಮ ಅಂಗಡಿಗಳ ಮುಂದೆ ಹಾರನ್ ಇಲ್ಲ. ವ್ಯಾನಿನ ಸದ್ದು ಬಂದಾಗ ಗೋಡೆಯ ಆಚೆ ಅವನ ಕೈ ನಿಲ್ಲುವುದು ನನಗೆ ಗೊತ್ತಾಗುತ್ತಿತ್ತು, ನನ್ನ ಮೆಷಿನ್ನೂ ಆಗಲೇ ನಿಂತಿರುತ್ತಿತ್ತಲ್ಲ.

ಹೋದ ವಾರ, ಶಾಲೆಗೆ ರಜೆಯಿದ್ದ ದಿನ, ವ್ಯಾನು ಬಂದು ಅವನ ಶೆಡ್ಡಿನ ಮುಂದೆ ನಿಂತಿತು. ಗಾಜಿನ ಮೂಲೆಯ ಕಡೆ ಒಂದು ಬೊಟ್ಟು, ಮೇಲೆ ನೀಟಾಗಿ ಟೇಪು. ಅಕ್ಕ ಇಳಿಯದೆ ಹೇಳಿದಳು.

"ನನ್ನ ಗೇಣಿಗೆ ಹೊರಗಿದೆ. ನೀನೂ ಒಂದ್ಸಲ ಅಳ್ದು ನೋಡು."

ಅವನು ಬಟ್ಟೆಗೆ ಕೈ ಒರೆಸಿಕೊಂಡು ಗೇಣು ಹಾಕಿದ. ಮತ್ತೆ ಹಾಕಿದ. ಎರಡು ಬೆರಳು ಹೊರಗಿತ್ತು. "ಹೊರಗಿದೆ ಅಕ್ಕ" ಎಂದ. ಸ್ಟೂಲು ಎಳೆದುಕೊಂಡು ಕೂತ. ಹತ್ತು ನಿಮಿಷದಲ್ಲಿ ಮುಗಿಸಬಹುದಾದ ಆ ಪುಟ್ಟ ಬೊಟ್ಟಿಗೆ ಒಂದೂವರೆ ಗಂಟೆ ಹಿಡಿಯಿತು. ಒರೆಸಿ "ಆಯ್ತು" ಎಂದಾಗ ಇನ್ನೂ ಮಧ್ಯಾಹ್ನ.

"ಬಿಸಿಲು ಇಳೀಲಿ" ಎಂದಳು ಅಕ್ಕ. ವ್ಯಾನು ತಿರುಗಿಸಿ ನಿಲ್ಲಿಸಿ ಅದರಲ್ಲೇ ಕೂತಳು. ಮೂರು ಗಂಟೆ ಕಾದಳು. ಅವನು ಬೇರೆ ಕೆಲಸ ಹಿಡಿಯದೆ ಬಾಗಿಲಲ್ಲಿ ನಿಂತೇ ಇದ್ದ. ನಾನು ಚಹಾ ಕಳಿಸಿದೆ, ಕುಡಿದು ಲೋಟ ವಾಪಸು ಕಳಿಸಿದಳು. ಇಳಿಬಿಸಿಲು ಗಾಜಿಗೆ ಬಂದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿದಳು. ಆಮೇಲೆ ಇಳಿದು, "ನೀನು ಕೂತು ನೋಡು. ಏನು ಕಾಣತ್ತೋ ಅದನ್ನ ಹೇಳು" ಎಂದಳು.

ಅವನು ಕೂತ. ಬಹಳ ಹೊತ್ತು ನೋಡಿದ. ಏನೂ ಕಾಣಲ್ಲ ಎಂದುಬಿಡುತ್ತಾನೆ, ಮತ್ತೆ ಎಲ್ಲ ಮುಗಿಯುತ್ತದೆ ಎಂದು ಹೆದರಿದೆ.

"ಮಿನುಗತ್ತೆ ಅಕ್ಕ. ಒಂಚೂರು. ರಸ್ತೆಗೆ ಅಡ್ಡ ಬರಲ್ಲ, ಆದ್ರೆ ಮಿನುಗತ್ತೆ. ಪೂರ್ತಿ ಹೋಗ್ಸೋಕೆ ನನ್ನ ಕೈಲಿ ಆಗಲ್ಲ."

"ಹೂಂ. ನನಗೂ ಕಾಣ್ತು" ಎಂದಳು ಅಕ್ಕ. ಅವನ ತಲೆಗೆ ಕೈ ಎತ್ತಿದಳು. ಮೊಟಕುತ್ತಾಳೆ ಎಂದುಕೊಂಡೆ. ಮೊಟಕಲಿಲ್ಲ, ಕೂದಲಿಗೆ ಅಂಟಿದ್ದ ಗಾಜಿನ ಪುಡಿ ಉದುರಿಸಿದಳು. ಹತ್ತಿ ವ್ಯಾನು ಚಾಲೂ ಮಾಡಿದಳು. ರಸ್ತೆಗೆ ತಿರುಗುವಾಗ ಹಾರನ್ ಹೊಡೆದಳು, ಒಂದು ಸಲ.

ತೇಪೆಯಣ್ಣ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ನಾನು ಎರಡನೆಯದಕ್ಕೆ ಕಿವಿಗೊಟ್ಟು ನಿಂತಿದ್ದೆ. ವ್ಯಾನು ತಿರುವು ದಾಟಿತು, ಅದು ಬರಲಿಲ್ಲ. ಅವಳ ಕನ್ನಡಕ ಇನ್ನೂ ನನ್ನ ಮೆಷಿನ್ನಿನ ಡ್ರಾಯರಿನಲ್ಲಿದೆ. ತಮ್ಮ ತನ್ನದನ್ನು ಹೇಳಿದ್ದಾಯಿತು. ಅವಳ ಹೊಲಿಗೆ ನನಗೆ ಬೇಕಾಗಿತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ ಎಂದು ನಾನಿನ್ನೂ ಹೇಳಿಲ್ಲ.